ಬ್ಯಾಂಕ್ ಖಾತೆ ಮುಚ್ಚುವ ಮುನ್ನ: ಬಡ್ಡಿ, ಸಾಲ ಮತ್ತು ಅಮಾನತ್

(ನವಲಗುಂದ ತಾಲೂಕಿನ ಮಸೀದಿಯೊಂದರಲ್ಲಿ ಜುಮಾ ದಿನ ನೀಡಿದ ಬಯಾನ್‌ನ ಸಾರಾಂಶ)

ಸಕಲ ಸ್ತುತಿಗಳು ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್ (ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಅವರ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಹೋದ ವರ್ಷ ಇದೇ ಮಿಂಬರಿನಿಂದ ನಾವು ಬಡ್ಡಿಯ ಪಾಪದ ಬಗ್ಗೆ ಮಾತಾಡಿದ್ದೆವು. ಬಡ್ಡಿಯ ವ್ಯವಹಾರದಿಂದ ಹೊರಗೆ ಬನ್ನಿ, ನಿಮ್ಮ ಹಣವನ್ನು ಬೇರೆ ಕಡೆಗೆ ತನ್ನಿ ಎಂದು ಹೇಳಿದ್ದೆವು. ಕೆಲವು ತಿಂಗಳ ಹಿಂದೆ ನಮ್ಮ ಜಮಾಅತಿನ ಒಬ್ಬ ಹಿರಿಯರು ಅಸರ್ ನಮಾಝ್ ಮುಗಿದ ಮೇಲೆ ಬಂದು ಕೂತರು. ಆ ಬಯಾನ್ ಕೇಳಿದ ಮರುವಾರವೇ ಅವರು ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸಿದ್ದರಂತೆ. ಹಣವನ್ನು ಮನೆಗೆ ತಂದು ಟ್ರಂಕಿನಲ್ಲಿಟ್ಟರು. ನಂತರ ಅದರಲ್ಲಿ ಹೆಚ್ಚಿನ ಪಾಲನ್ನು ಹೆಸರಿನ ವ್ಯಾಪಾರಕ್ಕೆಂದು ಸಂಬಂಧಿಕರೊಬ್ಬರ ಕೈಗೆ ಕೊಟ್ಟರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಇತ್ತ ಕಿಸಾನ್ ಸಮ್ಮಾನದ ಎರಡು ಕಂತುಗಳು ಬರಲಿಲ್ಲ, ಏಕೆಂದರೆ ಆಧಾರ್‌ಗೆ ಜೋಡಣೆಯಾಗಿದ್ದ ಖಾತೆಯೇ ಇಲ್ಲವಾಗಿತ್ತು. ಆ ಹಿರಿಯರು ನಮಗೆ ಹೇಳಿದ ಮಾತು ಇಷ್ಟು: "ಹಜರತ್, ನೀವು ಹೇಳಿದ್ರಿ ಅಂತ ಮಾಡೀನ್ರಿ. ಈಗ ರೊಕ್ಕಾನೂ ಇಲ್ಲ, ಕಾಗದಾನೂ ಇಲ್ಲ."

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಅವರ ಈಮಾನಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ಬೋಧನೆಯಲ್ಲಿ. ಹೊರಗೆ ಬನ್ನಿ ಎಂದು ಹೇಳಿದೆವು, ಹೊರಗೆ ಬಂದವನು ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಎಂದು ಹೇಳಲಿಲ್ಲ. ಆದ್ದರಿಂದ ಇಂದು ಆ ಅರ್ಧ ಮಾತನ್ನು ಪೂರ್ತಿ ಮಾಡುತ್ತೇವೆ.

ಸಹೋದರರೇ, ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಬಡ್ಡಿ ಹರಾಮ್. ಅದರಲ್ಲಿ ನಾವು ಯಾವ ಸಡಿಲಿಕೆಯನ್ನೂ ಮಾಡುತ್ತಿಲ್ಲ. ಸೂರಃ ಅಲ್ ಬಕರಃದ 275ರಿಂದ 281ರವರೆಗಿನ ಆಯತ್‌ಗಳನ್ನು ಮನೆಗೆ ಹೋಗಿ ಅರ್ಥಸಹಿತ ಓದಿರಿ. ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನು ಹರಾಮ್ ಮಾಡಿದ್ದಾನೆ. ಬಡ್ಡಿಯನ್ನು ಬಿಡದವರಿಗೆ ತನ್ನ ಮತ್ತು ತನ್ನ ರಸೂಲರ ಕಡೆಯಿಂದ ಯುದ್ಧದ ಎಚ್ಚರಿಕೆಯನ್ನು ಕೊಟ್ಟಿದ್ದಾನೆ. ಅಲ್ಲಿಯೇ ಸಾಲಗಾರನು ಕಷ್ಟದಲ್ಲಿದ್ದರೆ ಅವನಿಗೆ ಸಮಯ ಕೊಡಿರಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದೂ ಕಲಿಸಿದ್ದಾನೆ. ಪ್ರವಾದಿ (ಸ) ತಮ್ಮ ವಿದಾಯದ ಹಜ್ಜಿನ ಭಾಷಣದಲ್ಲಿ ಅಜ್ಞಾನ ಕಾಲದ ಬಡ್ಡಿಯನ್ನೆಲ್ಲ ರದ್ದು ಮಾಡಿದಾಗ, ಎಲ್ಲಕ್ಕಿಂತ ಮೊದಲು ರದ್ದು ಮಾಡಿದ್ದು ತಮ್ಮ ಚಿಕ್ಕಪ್ಪ ಹಝ್ರತ್ ಅಬ್ಬಾಸ್ (ರ)ರಿಗೆ ಬರಬೇಕಿದ್ದ ಬಡ್ಡಿಯನ್ನು. ಸುಧಾರಣೆ ಅವರ ಮನೆಯಿಂದಲೇ ಶುರುವಾಯಿತು.

ಹಾಗಾದರೆ ಬ್ಯಾಂಕಿನ ಖಾತೆಯ ವಿಷಯವೇನು? ಬ್ಯಾಂಕಿನ ಜೊತೆ ನಮ್ಮ ಸಂಬಂಧ ಮೂರು ಬಗೆಯದು. ಒಂದು, ಹಣವನ್ನು ಸುರಕ್ಷಿತವಾಗಿ ಇಡುವುದು, ಕಳಿಸುವುದು, ಪಡೆಯುವುದು. ಎರಡು, ಬಡ್ಡಿ ಬರಲಿ ಎಂದೇ ಮುದ್ದತ್ತಿನ ಠೇವಣಿ ಇಡುವುದು. ಮೂರು, ಬಡ್ಡಿಯ ಮೇಲೆ ಸಾಲ ಎತ್ತುವುದು. ಕ್ರೆಡಿಟ್ ಕಾರ್ಡ್, ಬಂಗಾರದ ಮೇಲಿನ ಸಾಲ, ವಾರದ ಕಂತಿನ ಮೈಕ್ರೋ ಫೈನಾನ್ಸ್ ಎಲ್ಲವೂ ಇದರಲ್ಲಿ ಬಂದವು. ನಮ್ಮಲ್ಲಿ ಆಗುತ್ತಿರುವುದೇನು? ಮೂರು ಸಾವಿರ ರೂಪಾಯಿ ಇರುವ ಉಳಿತಾಯ ಖಾತೆಯನ್ನು ಮುಚ್ಚಿ ತಕ್ವಾ ಪಾಲಿಸಿದೆವು ಎಂದುಕೊಳ್ಳುತ್ತೇವೆ. ಕಿಸೆಯಲ್ಲಿ ಕಾರ್ಡ್ ಹಾಗೇ ಇರುತ್ತದೆ, ಹೆಂಡತಿಯ ಸರ ಅಡವಿನಲ್ಲಿ ಹಾಗೇ ಇರುತ್ತದೆ. ಕ್ರಮ ತಿರುಗಬೇಕು. ಮೊದಲು ಮೂರನೆಯದನ್ನು ಕಡಿಯಿರಿ, ಆಮೇಲೆ ಎರಡನೆಯದನ್ನು. ಮೊದಲನೆಯದನ್ನು ಶುದ್ಧ ಮಾಡಿಕೊಳ್ಳಿರಿ.

ಕ್ರೆಡಿಟ್ ಕಾರ್ಡಿನ ಲೆಕ್ಕ

ಹುಬ್ಬಳ್ಳಿ, ಬೆಂಗಳೂರಿಗೆ ಪಗಾರಕ್ಕೆ ಹೋದ ನಮ್ಮ ಮಕ್ಕಳ ಕೈಯಲ್ಲಿ ಈಗ ಈ ಕಾರ್ಡ್ ಇದೆ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ. ಆದರೆ ಕಂಪನಿಗೆ ಬಡ್ಡಿಯ ಆದಾಯ ಬರುವುದು ಪೂರ್ತಿ ಕಟ್ಟದವರಿಂದ. ಒಂದು ಲೆಕ್ಕ ನೋಡಿರಿ. ಕಾರ್ಡಿನ ಮೇಲೆ 40,000 ರೂ. ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದು ಹಿಡಿಯಿರಿ. ತಿಂಗಳ ಬಡ್ಡಿಯೇ 1,400 ರೂ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 252 ರೂ. ಹುಡುಗ 2,000 ರೂ. ಕಟ್ಟಿ ನಿಶ್ಚಿಂತನಾಗುತ್ತಾನೆ. ಅವನ ಅಸಲಿನಲ್ಲಿ ಕಡಿಮೆಯಾದದ್ದು 348 ರೂ. ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 42 ಬಡ್ಡಿ. ಹಿಂದೆ ನಮ್ಮ ಅಜ್ಜಂದಿರು ಸಾಹುಕಾರನ ಬಡ್ಡಿಗೆ ಹೆದರುತ್ತಿದ್ದರು. ಇಂದು ಅದಕ್ಕಿಂತ ಕಡಿಮೆಯಲ್ಲದ ಬಡ್ಡಿಯನ್ನು ನಾವೇ ಫೋನಿನಲ್ಲಿ ಒಪ್ಪಿಕೊಂಡು ತರುತ್ತಿದ್ದೇವೆ. ಪೂರ್ತಿ ಕಟ್ಟುತ್ತೇನೆ ಎಂಬ ಧೈರ್ಯ ಇದ್ದವನೂ ಒಪ್ಪಂದದ ಕಾಗದದಲ್ಲಿ, ತಪ್ಪಿದರೆ ಬಡ್ಡಿ ಕೊಡುತ್ತೇನೆ ಎಂದು ಸಹಿ ಹಾಕಿದ್ದಾನೆ ಎಂಬುದನ್ನು ಮರೆಯಬಾರದು. ಕೈಯಲ್ಲಿದ್ದ ಹಣದಿಂದ ಖರ್ಚು ಮಾಡಲು ಡೆಬಿಟ್ ಕಾರ್ಡ್ ಸಾಕು.

ಮುಚ್ಚುವ ವಿಧಾನ ತಿಳಿದುಕೊಳ್ಳಿರಿ. ಮೊದಲು ಬಾಕಿ ಎಲ್ಲವನ್ನೂ ಕಟ್ಟಬೇಕು. ಕಾರ್ಡಿನಿಂದ ತಾನೇ ಕಡಿತವಾಗುವ ಬಿಲ್ಲುಗಳಿದ್ದರೆ ಅವುಗಳನ್ನು ನಿಲ್ಲಿಸಬೇಕು. ಆಮೇಲೆ ಮುಚ್ಚಲು ಕೋರಿಕೆ ಕೊಡಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂ.ನಂತೆ ಕಾರ್ಡ್‌ದಾರನಿಗೆ ಕೊಡಬೇಕು. ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ, ಜೋಪಾನವಾಗಿಡಿರಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಕಾರ್ಡನ್ನು ಕತ್ತರಿಸಿ ಒಲೆಗೆ ಹಾಕಿದರೆ ಖಾತೆ ಮುಚ್ಚಿದಂತಲ್ಲ. ವಾರ್ಷಿಕ ಶುಲ್ಕ ಬೀಳುತ್ತಲೇ ಇರುತ್ತದೆ, ಅದರ ಮೇಲೆ ಬಡ್ಡಿಯೂ ಬೆಳೆಯುತ್ತದೆ.

ಸಾಲದಿಂದ ಓಡಿಹೋಗುವುದು ತೌಬಾ ಅಲ್ಲ

ಕೆಲವು ಯುವಕರು ನಮ್ಮನ್ನು ಕೇಳುತ್ತಾರೆ: ಬಡ್ಡಿಯವರ ಹಣ ತಾನೇ, ಕಟ್ಟದಿದ್ದರೆ ಏನು? ಸಹೋದರರೇ, ಬಡ್ಡಿ ಹರಾಮ್, ಆದರೆ ಅಸಲು ನಮ್ಮ ಕುತ್ತಿಗೆಯ ಮೇಲಿನ ಸಾಲ. ಸಾಲ ಉಳಿಸಿಕೊಂಡು ತೀರಿಕೊಂಡವರ ಜನಾಝಾ ಬಂದಾಗ ಪ್ರವಾದಿ (ಸ) ತಾವು ಹಿಂದೆ ಸರಿದು, ನಿಮ್ಮ ಸಂಗಾತಿಯ ನಮಾಝನ್ನು ನೀವೇ ಮಾಡಿರಿ ಎಂದ ಘಟನೆ ಹದೀಸಿನಲ್ಲಿದೆ. ಹಝ್ರತ್ ಅಬೂ ಕತಾದಃ (ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ನಂತರವೇ ಪ್ರವಾದಿ (ಸ) ನಮಾಝ್ ಮಾಡಿಸಿದರು. ಸಾಲಕ್ಕೆ ಇಷ್ಟು ಭಾರವಿದೆ.

ಮೈಕ್ರೋ ಫೈನಾನ್ಸಿನ ಸಾಲ ಎತ್ತಿದ ಅಕ್ಕ ತಂಗಿಯರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ನವಲಗುಂದದ ಜಮಖಾನ ನಮ್ಮ ಊರಿಗೆ ಹೆಸರು ತಂದದ್ದು, ಅದನ್ನು ನೇಯ್ದು ಬಂದದ್ದು ನಮ್ಮ ಮನೆಗಳ ಹೆಣ್ಣುಮಕ್ಕಳೇ. ಅಂಥ ಕೈಗಳು ಇಂದು ನೂಲಿಗೆ ಸಾಲ, ಆ ಸಾಲದ ಕಂತಿಗೆ ಮತ್ತೊಂದು ಸಾಲ ಎಂದು ಎಣಿಸುತ್ತಿದ್ದರೆ, ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಐದು ಸಾವಿರ ರೂಪಾಯಿ ಬೇಕಾದಾಗ ಅವರು ಯಾರ ಬಾಗಿಲಿಗೆ ಹೋಗಬೇಕಿತ್ತು? ನಾವು ಬಾಗಿಲು ತೆರೆದಿದ್ದೆವೇ? ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆಗೆ ಬಂದು ಅವಮಾನ ಮಾಡಿದರೆ, ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿರಿ, ಅಂಜಬೇಡಿರಿ. ಆದರೆ ನೋಂದಾಯಿತ ಸಂಸ್ಥೆಯ ಸಾಲವನ್ನು ಆ ಕಾನೂನು ಮನ್ನಾ ಮಾಡಿಲ್ಲ ಎಂಬುದೂ ಗೊತ್ತಿರಲಿ. ಇರುವ ಸಾಲಗಳಲ್ಲಿ ಹೆಚ್ಚಿನ ಬಡ್ಡಿಯದನ್ನು ಮೊದಲು ತೀರಿಸಿರಿ. ಒಂದು ತೀರುವ ತನಕ ಹೊಸದು ಬೇಡ. ಲಗ್ನಕ್ಕೆ, ಮನೆಯ ಆಡಂಬರಕ್ಕೆ ಸಾಲ ಬೇಡವೇ ಬೇಡ.

ಉಳಿತಾಯ ಖಾತೆಯನ್ನು ಏನು ಮಾಡಬೇಕು?

ಮಕ್ಕಾದ ಜನರು ಪ್ರವಾದಿ (ಸ)ರನ್ನು ವಿರೋಧಿಸುತ್ತಿದ್ದಾಗಲೂ ತಮ್ಮ ಒಡವೆ ವಸ್ತುಗಳನ್ನು ಅವರ ಬಳಿಯೇ ಅಮಾನತ್ ಇಡುತ್ತಿದ್ದರು. ಹಿಜ್ರತ್ ಹೊರಡುವಾಗ ಅವುಗಳನ್ನು ಹಿಂದಿರುಗಿಸಲು ಹಝ್ರತ್ ಅಲೀ (ರ)ರನ್ನು ಬಿಟ್ಟು ಹೋದರು. ಸಂಪತ್ತನ್ನು ಸುರಕ್ಷಿತ ಜಾಗದಲ್ಲಿ ಇಡುವುದು ತಪ್ಪಲ್ಲ. ನಮ್ಮ ದೇಶದಲ್ಲಿ ಇಸ್ಲಾಮೀ ಬ್ಯಾಂಕ್ ಇಲ್ಲ. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಚಾಲ್ತಿ ಖಾತೆಯಲ್ಲಿ ಬಡ್ಡಿ ಇರುವುದಿಲ್ಲ. ವ್ಯಾಪಾರಿಗಳು ಅದನ್ನೇ ಇಟ್ಟುಕೊಳ್ಳಲಿ. ಆದರೆ ಅದರಲ್ಲಿ ಇಡಬೇಕಾದ ಕನಿಷ್ಠ ಮೊತ್ತ ಕೂಲಿಯವನಿಗೆ, ಸಣ್ಣ ರೈತನಿಗೆ ಆಗುವ ಮಾತಲ್ಲ. ಅಂಥವರು ಒಂದೇ ಒಂದು ಉಳಿತಾಯ ಖಾತೆ ಇಟ್ಟುಕೊಳ್ಳಲಿ, ಬಡ್ಡಿಯನ್ನು ತೆಗೆದು ಶುದ್ಧ ಮಾಡಿಕೊಳ್ಳಲಿ.

ಹೇಗೆ? ವರ್ಷಕ್ಕೊಮ್ಮೆ ಪಾಸ್‌ಬುಕ್ ಮುದ್ರಿಸಿಕೊಳ್ಳಿರಿ, ಬಡ್ಡಿ ಎಂದು ಜಮೆಯಾದ ಸಾಲುಗಳನ್ನು ಕೂಡಿಸಿರಿ. 20,000 ರೂ. ಇದ್ದು ಬಡ್ಡಿ ಶೇ. 2.5 ಇದ್ದರೆ ವರ್ಷಕ್ಕೆ 500 ರೂ. ಆಯಿತು. ಅಷ್ಟನ್ನು ತೆಗೆದು, ಸವಾಬಿನ ನಿಯ್ಯತ್ ಇಲ್ಲದೆ, ಕಷ್ಟದಲ್ಲಿರುವ ಬಡವರಿಗೆ ಕೊಟ್ಟುಬಿಡಿರಿ. ಅದನ್ನು ಬ್ಯಾಂಕಿನಲ್ಲೇ ಬಿಡಬೇಡಿ ಎಂಬುದು ನಮ್ಮ ದೇಶದ ಬಹಳಷ್ಟು ಮುಫ್ತಿಗಳ ಸಲಹೆ. ಅದು ಝಕಾತ್ ಅಲ್ಲ, ಸದಕಾ ಅಲ್ಲ. ನಮ್ಮ ತೆರಿಗೆಗೂ, ನಮ್ಮ ಮನೆಯ ಖರ್ಚಿಗೂ ಬಳಸಬೇಡಿರಿ. ಮುದ್ದತ್ತಿನ ಠೇವಣಿ ಇಟ್ಟವರು ಅದನ್ನು ಮುರಿದು ಅಸಲನ್ನು ತಮ್ಮದಾಗಿಸಿಕೊಳ್ಳಲಿ, ಬಡ್ಡಿಗೆ ಇದೇ ಕ್ರಮ ಅನುಸರಿಸಲಿ.

ಎರಡು ಮೂರು ಖಾತೆ ಇದ್ದವರು ಹೆಚ್ಚಿನವನ್ನು ಮುಚ್ಚುವುದು ಒಳ್ಳೆಯದು. ಆದರೆ ಮುಚ್ಚುವ ಮುನ್ನ ನೋಡಿರಿ: ಆಧಾರ್‌ಗೆ ಜೋಡಣೆಯಾದ ಖಾತೆ ಯಾವುದು? ಗೃಹಲಕ್ಷ್ಮಿಯ 2,000 ರೂ., ಕಿಸಾನ್ ಸಮ್ಮಾನದ ಕಂತು, ಉದ್ಯೋಗ ಖಾತ್ರಿಯ ಕೂಲಿ, ಬೆಳೆವಿಮೆ, ವೃದ್ಧಾಪ್ಯ ವೇತನ, ಮಕ್ಕಳ ವಿದ್ಯಾರ್ಥಿವೇತನ ಎಲ್ಲಿಗೆ ಬರುತ್ತದೆ? ಮೊದಲು ಆಧಾರ್ ಜೋಡಣೆಯನ್ನು ಉಳಿಸಿಕೊಳ್ಳುವ ಖಾತೆಗೆ ಬದಲಿಸಿರಿ. ಒಂದು ಕಂತು ಅದರಲ್ಲಿ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹಳೆಯದನ್ನು ಮುಚ್ಚಿರಿ. ಸಾಲದ ಕಂತು, ವಿಮೆಯ ಕಡಿತ ಇದ್ದರೆ ಅದನ್ನೂ ಬದಲಿಸಿರಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಉಳಿದ ಚೆಕ್ ಹಾಳೆಗಳನ್ನು ಒಪ್ಪಿಸಿ, ಮುಚ್ಚಿದ್ದಕ್ಕೆ ಬರಹದಲ್ಲಿ ಪುರಾವೆ ಪಡೆಯಿರಿ. ಜಂಟಿ ಖಾತೆಗೆ ಎಲ್ಲರ ಸಹಿ ಬೇಕು. ಖಾತೆ ತೆರೆದು ಒಂದು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಮುಚ್ಚುವ ಶುಲ್ಕ ಇರುವುದಿಲ್ಲ.

ಟ್ರಂಕಿನ ತಳದಲ್ಲಿ ಅಪ್ಪನ ಹಳೆಯ ಪಾಸ್‌ಬುಕ್ ಇದ್ದರೆ ಅದನ್ನೂ ತೆಗೆದು ನೋಡಿರಿ. ನಮ್ಮ ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದೂ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಗಿದೆ, ಹಣ ಹೋಗಿಲ್ಲ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಗಲೂ ವಾರಸುದಾರರು ಕೇಳಿ ಪಡೆಯಬಹುದು. ಇಂಥ ಹಣವನ್ನು ಹುಡುಕಲು 2023ರಲ್ಲಿ 'ಉದ್ಗಮ್' ಎಂಬ ಪೋರ್ಟಲ್ ಬಂದಿದೆ. ಆದರೆ ನೆನಪಿಡಿರಿ: ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಹಣ ಅವನೊಬ್ಬನದಾಗುವುದಿಲ್ಲ. ಅವನು ಅಮಾನತ್‌ದಾರ. ತಾಯಿಯ ಪಾಲು, ಅಕ್ಕ ತಂಗಿಯರ ಪಾಲು ಅದರಲ್ಲಿದೆ, ಅದನ್ನು ಅವರ ಕೈಗೆ ಮುಟ್ಟಿಸಬೇಕು.

ಎಲ್ಲಿಗೆ ಒಯ್ಯಬಾರದು?

ಸಹೋದರರೇ, ಈಗ ಬಹಳ ನೋವಿನ ಮಾತು. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಐಎಂಎ ಎಂಬ ಕಂಪನಿ, ಬಡ್ಡಿ ಇಲ್ಲ, ಹಲಾಲ್ ಲಾಭ ಎಂದು ಹೇಳಿ ನಮ್ಮ ಸಮುದಾಯದ ಹಣವನ್ನು ಸೆಳೆಯಿತು. ಹಣ ಹಾಕಿದವರನ್ನು ಪಾಲುದಾರರು ಎಂದು ಕಾಗದದಲ್ಲಿ ತೋರಿಸಿತು, ತಿಂಗಳು ತಿಂಗಳು ಲಾಭ ಕೊಟ್ಟಿತು. ಬ್ಯಾಂಕಿನಿಂದ ಹಣ ತೆಗೆದು ಹಾಕಿದವರಿದ್ದರು, ಮಗಳ ಲಗ್ನಕ್ಕೆ ಇಟ್ಟದ್ದನ್ನು, ನಿವೃತ್ತಿಯ ಹಣವನ್ನು, ಹಜ್ಜಿಗೆ ಕೂಡಿಸಿದ್ದನ್ನು ಹಾಕಿದವರಿದ್ದರು. 2019ರ ಜೂನ್ ತಿಂಗಳಲ್ಲಿ ಅದರ ಮಾಲೀಕ ಮನ್ಸೂರ್ ಖಾನ್ ದುಬೈಗೆ ಓಡಿಹೋದ. ಜುಲೈ ತಿಂಗಳಲ್ಲಿ ದಿಲ್ಲಿಯಲ್ಲಿ ಬಂಧನವಾಯಿತು. ತನಿಖೆ ಸಿಬಿಐಗೆ ಹೋಯಿತು. ಸುಮಾರು 4,000 ಕೋಟಿ ರೂ. ವಂಚನೆಯೆಂದು ಪ್ರಕರಣ, ಹಣ ಕಳೆದುಕೊಂಡವರು ಹತ್ತಾರು ಸಾವಿರ ಮಂದಿ. ಅವರು ದುರಾಸೆಯವರು ಎಂದು ಸುಲಭವಾಗಿ ಹೇಳಬೇಡಿರಿ. ಅವರಲ್ಲಿ ಬಹಳ ಜನ ಹರಾಮ್‌ನಿಂದ ತಪ್ಪಿಸಿಕೊಳ್ಳಲು ಹೋದವರು. ಕೆಲವು ಆಲಿಮರ ಮಾತೂ ಆ ಕಂಪನಿಗೆ ಆಸರೆಯಾಯಿತು. ಇದರಿಂದ ಮಿಂಬರಿನ ಮೇಲೆ ನಿಂತವರು ಪಾಠ ಕಲಿಯಬೇಕು.

ಗುರುತು ಹಿಡಿಯುವುದು ಹೇಗೆ? ವ್ಯಾಪಾರದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಕುಂದಗೋಳದ ಮೆಣಸಿನಕಾಯಿ ಬೆಳೆದವನಿಗೆ, ಅಣ್ಣಿಗೇರಿಯಲ್ಲಿ ಕಡಲೆ ಮಾರಿದವನಿಗೆ ಇದು ಚೆನ್ನಾಗಿ ಗೊತ್ತು. ಒಂದು ವರ್ಷ ದರ ಏರುತ್ತದೆ, ಮತ್ತೊಂದು ವರ್ಷ ಬಿತ್ತಿದ ಬೀಜದ ಖರ್ಚೂ ಬರುವುದಿಲ್ಲ. ಹೀಗಿರುವಾಗ ಪ್ರತಿ ತಿಂಗಳೂ ತಪ್ಪದೆ ಇಂತಿಷ್ಟು ಕೊಡುತ್ತೇನೆ, ಅಸಲಿಗೆ ಮೋಸವಿಲ್ಲ ಎನ್ನುವವನು ಒಂದೋ ಬಡ್ಡಿ ಕೊಡುತ್ತಿದ್ದಾನೆ, ಇಲ್ಲವೇ ಒಬ್ಬನ ಹಣವನ್ನು ಇನ್ನೊಬ್ಬನಿಗೆ ಕೊಡುತ್ತಿದ್ದಾನೆ. ಹಲಾಲ್ ಎಂಬ ಫಲಕ ನೋಡಬೇಡಿರಿ, ಲೆಕ್ಕದ ಪುಸ್ತಕ ಕೇಳಿರಿ. ಸೊಸೈಟಿ, ಸೌಹಾರ್ದ ಸಂಘಗಳ ಬಗ್ಗೆಯೂ ತಿಳಿದಿರಲಿ: ಬ್ಯಾಂಕಿನ ಠೇವಣಿಗೆ 5 ಲಕ್ಷ ರೂ.ವರೆಗೆ ವಿಮೆಯ ರಕ್ಷಣೆ ಇದೆ, ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ.

ಎಲ್ಲಿಗೆ ಒಯ್ಯಬೇಕು?

ಒಂದು, ಪಾಲುದಾರಿಕೆಯ ವ್ಯಾಪಾರ. ಪ್ರವಾದಿ (ಸ) ಪ್ರವಾದಿತ್ವಕ್ಕೆ ಮುಂಚೆ ಹಝ್ರತ್ ಖದೀಜಃ (ರ)ರ ಬಂಡವಾಳದಿಂದ ವ್ಯಾಪಾರ ಮಾಡಿದವರು. ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭವನ್ನು ಮೊದಲೇ ಮಾತಾಡಿದ ಪಾಲಿನಂತೆ ಹಂಚಿಕೊಳ್ಳಬೇಕು. ಇಂತಿಷ್ಟು ರೂಪಾಯಿ ಎಂದು ಗೊತ್ತು ಮಾಡುವಂತಿಲ್ಲ. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಅದು ಬಂಡವಾಳ ಹಾಕಿದವನದು. ಆದರೆ ಬರೆದುಕೊಳ್ಳಿರಿ. ಕುರ್‌ಆನಿನ ಅತ್ಯಂತ ದೀರ್ಘ ಆಯತ್, ಅಲ್ ಬಕರಃದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಾಕ್ಷಿಗಳ ಬಗ್ಗೆ ಇದೆ. ತಮ್ಮನ ಹತ್ತಿರ ಕಾಗದ ಕೇಳುವುದೇ ಎಂದು ನಾಚುತ್ತೇವೆ. ಕೇಳದೆ ಮುಂದೆ ಅದೇ ತಮ್ಮನ ಜೊತೆ ಮಾತು ಬಿಡುತ್ತೇವೆ.

ಎರಡು, ಭಿಶಿ. ಹತ್ತು ಮಂದಿ ತಿಂಗಳಿಗೆ ಸಾವಿರ ಹಾಕಿ, ಸರದಿಯಂತೆ ಹತ್ತು ಸಾವಿರ ಎತ್ತಿಕೊಂಡರೆ ಅದರಲ್ಲಿ ತಪ್ಪಿಲ್ಲ. ಅದನ್ನು ಹರಾಜು ಮಾಡಿ, ಕಡಿಮೆಗೆ ಎತ್ತಿ, ಉಳಿದದ್ದನ್ನು ಹಂಚಿಕೊಂಡರೆ ಅಲ್ಲಿ ಬಡ್ಡಿ ಬಂದು ಕೂತಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕರ್ಝೆ ಹಸನ, ಅಂದರೆ ಬಡ್ಡಿಯಿಲ್ಲದ ಸಾಲ. ಭಾರತದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳದಲ್ಲಿ. ಗದಗ ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಸಿದ್ದನಗೌಡ ಪಾಟೀಲರು ತಮ್ಮ ಊರಿನವರನ್ನು ಕೂಡಿಸಿ ಅದನ್ನು ಕಟ್ಟಿದರು. ಹತ್ತು ಕೈ ಕೂಡಿದರೆ ಒಬ್ಬನ ಭಾರ ಇಳಿಯುತ್ತದೆ ಎಂಬುದು ಈ ಮಣ್ಣಿಗೆ ಹೊಸದಲ್ಲ. ದೇವಬಂದ್‌ನಲ್ಲಿ 1961ರಿಂದ ಮುಸ್ಲಿಂ ಫಂಡ್ ನಡೆದು ಬಂದಿದೆ. ನಮ್ಮ ಜಮಾಅತಿನಲ್ಲಿ ಅರವತ್ತು ಮನೆಗಳು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ವರ್ಷಕ್ಕೆ 72,000 ರೂ. ಆಗುತ್ತದೆ. ಐದು ಸಾವಿರದಂತೆ ಹದಿನಾಲ್ಕು ಮನೆಗಳ ಅಡಚಣೆ ನೀಗಬಹುದು, ಅದು ತಿರುಗಿ ಬಂದಾಗ ಮತ್ತೆ ಹದಿನಾಲ್ಕು ಮನೆಗಳದು.

ಆದರೆ ನಿಯಮ ಇರಲಿ. ಇದು ದಾನದ ನಿಧಿಯಾಗಿರಲಿ, ಯಾರಿಂದಲೂ ಠೇವಣಿ ಪಡೆಯಬಾರದು. ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಹಣ ಜಮಾಅತಿನ ಹೆಸರಿನ ಖಾತೆಯಲ್ಲಿರಲಿ, ಇಬ್ಬರ ಸಹಿಯಿಲ್ಲದೆ ಹೊರಗೆ ಬರಬಾರದು. ಸಾಲ ಕೊಟ್ಟಾಗ ಬರೆಯಬೇಕು, ಇಬ್ಬರು ಸಾಕ್ಷಿ ಇರಬೇಕು. ತಿಂಗಳಿಗೊಮ್ಮೆ ಒಟ್ಟು ಲೆಕ್ಕವನ್ನು ಜುಮಾ ಆದ ಮೇಲೆ ಓದಬೇಕು, ಸಾಲ ಪಡೆದವರ ಹೆಸರನ್ನು ಓದಬಾರದು. ನೆರೆಮನೆಯ ಹಿಂದೂ ಸಹೋದರನಿಗೆ ಅಡಚಣೆ ಬಂದರೆ ಅವನಿಗೂ ಕೊಡಬೇಕು. ನಮಗೆ ಬಿತ್ತನೆಗೆ ಬೀಜ ಕೊಟ್ಟವನು, ಅಡತಿ ಅಂಗಡಿಯಲ್ಲಿ ನಮ್ಮ ಮಾತಿನ ಮೇಲೆ ಉದ್ರಿ ಕೊಟ್ಟವನು ಅವನೇ.

ಮೊದಲು ಹೇಳಿದ ಹಿರಿಯರ ವಿಷಯ. ಅವರಿಗೆ ಈಗ ಹೊಸ ಖಾತೆ ತೆರೆಸಿ ಆಧಾರ್ ಜೋಡಣೆ ಮಾಡಿಸಿದ್ದೇವೆ. ಅವರ ಸಂಬಂಧಿಕರನ್ನು ಕೂರಿಸಿ, ಕೊಟ್ಟ ಹಣಕ್ಕೆ ಕಾಗದ ಬರೆಸಿದ್ದೇವೆ, ಸುಗ್ಗಿಗೊಂದು ಕಂತು ಎಂದು ಒಪ್ಪಿಸಿದ್ದೇವೆ. ಪೂರ್ತಿ ಹಣ ಬರುತ್ತದೆಯೋ ಇಲ್ಲವೋ ಅಲ್ಲಾಹನೇ ಬಲ್ಲ. ಅವರು ಮಾತ್ರ, ಬಡ್ಡಿಯಿಂದ ಹೊರಗೆ ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದರು. ಅವರ ಈ ತಕ್ವಾಕ್ಕೆ ತಕ್ಕ ವ್ಯವಸ್ಥೆಯನ್ನು ಕಟ್ಟುವ ಹೊಣೆ ನಮ್ಮೆಲ್ಲರದು.

ಬರುವ ಜುಮಾದ ಒಳಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಪಾಸ್‌ಬುಕ್, ಕಾರ್ಡ್, ಸಾಲದ ಕಾಗದಗಳನ್ನೆಲ್ಲ ಒಂದು ಕಡೆ ಇಟ್ಟು, ಹೆಂಡತಿ ಮಕ್ಕಳ ಜೊತೆ ಕೂತು ನೋಡಿರಿ. ಕೊಡಬೇಕಾದದ್ದೆಷ್ಟು, ಬರಬೇಕಾದದ್ದೆಷ್ಟು, ಬಡ್ಡಿ ಎಷ್ಟು ಎಂದು ಬರೆಯಿರಿ. ಮನೆಯಲ್ಲಿ ಇಟ್ಟ ಹಣಕ್ಕೂ ಬಂಗಾರಕ್ಕೂ ನಿಸಾಬ್ ಮುಟ್ಟಿದ್ದರೆ ಝಕಾತ್ ಇದೆ ಎಂಬುದನ್ನು ಮರೆಯಬೇಡಿರಿ. ಲೆಕ್ಕ ತಿಳಿಯದವರು ಮಗ್ರಿಬ್ ನಂತರ ಮಸೀದಿಗೆ ಬನ್ನಿರಿ, ನಾವು ಕೂತಿರುತ್ತೇವೆ.

ಯಾ ಅಲ್ಲಾಹ್, ನಮಗೆ ಹಲಾಲ್ ಆದ ಗಳಿಕೆಯನ್ನು ಕೊಡು, ಅದರಲ್ಲಿ ಬರ್ಕತ್ ಕೊಡು. ಸಾಲದಲ್ಲಿ ಸಿಕ್ಕಿದವರ ಭಾರವನ್ನು ಇಳಿಸು. ಮೋಸ ಹೋದವರ ಹಕ್ಕನ್ನು ಅವರಿಗೆ ಮುಟ್ಟಿಸು. ಇನ್ನೊಬ್ಬರ ಅಮಾನತ್ ನಮ್ಮ ಕೈಯಲ್ಲಿದ್ದರೆ ಅದನ್ನು ಹಿಂದಿರುಗಿಸದೆ ನಮ್ಮನ್ನು ಈ ಲೋಕದಿಂದ ಕರೆಯಬೇಡ. ನಮ್ಮ ಹೊಲಗಳಿಗೆ ಮಳೆ ಕೊಡು, ನಮ್ಮ ಊರಿಗೆ ನೆಮ್ಮದಿ ಕೊಡು. ಆಮೀನ್.